ನೋವನ್ನು ನುಂಗಿ ಆಡದಿರಿ

ನೋವನ್ನು ನುಂಗಿ ಆಡುವುದೇ ಪೌರುಷವೆಂದು ಬಗೆದಿರುವ ತರುಣ ಕ್ರೀಡಾಳುಗಳೇ, ಹಾಲೆಂಡಿನ ಫುಟ್‌ಬಾಲ್ ಆಟಗಾರ ಮಾರ್ಕೊ ವಾನ್ ಬಾಸ್ಟೆನ್ನನ ವೃತ್ತಾಂತವನ್ನೊಮ್ಮೆ ಪರ್ಯಾಲೋಚಿಸಿರಿ. 1986ರಲ್ಲಿ ಪಾದದ ಕೀಲಿಗೆ ಪೆಟ್ಟಾಗಿದ್ದರೂ ಆಟವನ್ನು ತೊರೆಯದೆ, ಮರುವರ್ಷ ಅಥೆನ್ಸಿನಲ್ಲಿ ಅಯಾಕ್ಸ್ ತಂಡಕ್ಕೆ ಗೆಲುವಿನ ಗೋಲನ್ನು ತಂದಿತ್ತು (ಪದಕ ಬಂದಾಗ ಕಾಲನ್ನು ಯಾರು ನೋಡುತ್ತಾರೆ!), 1988ರ ಯೂರೋಪ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಗಾಳಿಯಲ್ಲಿ ಬಂದ ಚೆಂಡನ್ನು ನೆಲ ಮುಟ್ಟಗೊಡದೆ ಓರೆಯಿಂದ ಬಲೆಗೊದೆದು ಲೋಕವನ್ನೇ ಬೆರಗುಗೊಳಿಸಿದ ಆ ಪ್ರತಿಭಾಶಾಲಿಯು, ಶಸ್ತ್ರಚಿಕಿತ್ಸೆಗಳ ಮೇಲೆ ಶಸ್ತ್ರಚಿಕಿತ್ಸೆಗಳಾದರೂ ಕೀಲು ಚೇತರಿಸದೆ, 28ನೆಯ ವಯಸ್ಸಿನಲ್ಲಿಯೇ ಕಡೆಯ ಪಂದ್ಯವನ್ನಾಡಬೇಕಾಯಿತು. ಕೀಲಿನೊಳಗೆ ಸವೆದ ಮೃದ್ವಸ್ಥಿಯು ಮುರಿದ ಎಲುಬಿನಂತೆ ಮರಳಿ ಕೂಡಿಕೊಳ್ಳದು. ಆದುದರಿಂದ, ಊದಿದ ಕಾಲಿಗೆ ನೋವಡಗಿಸುವ ಸೂಜಿ ಚುಚ್ಚಿಸಿಕೊಂಡು ಕಣಕ್ಕಿಳಿಯದಿರಿ. ಒಂಟಿಕಾಲಿನಲ್ಲಿ ನೋವಿಲ್ಲದೆ ಕುಪ್ಪಳಿಸಲಾಗದವನು ಓಡುವುದಕ್ಕೂ ಅರ್ಹನಲ್ಲ. ಪಂದ್ಯ ಗೆಲ್ಲುವ ಆತುರದಲ್ಲಿರುವ ತರಬೇತುದಾರನಿಗಿಂತ ವೈದ್ಯನ ಮಾತಿಗೆ ಕಿವಿಗೊಡಿರಿ. ಈ ವಾರದ ಪಂದ್ಯ ಹೋದರೆ ಹೋಗಲಿ, ಬಿಡಿ.