ಬಿಂದಿಗೆ ಹೊತ್ತವರು ಕುರ್ಚಿಯಲ್ಲಿ ಕೂತಾಗ

ಪ್ರಶ್ನೆ: ಹೆಂಗಸರು ಪಂಚಾಯಿತಿ ಅಧ್ಯಕ್ಷರಾದರೆ ಅಧಿಕಾರ ನಡೆಸುವ ರೀತಿಯೇ ಬೇರೆ, ಅವರದು ತಾಯಿಕರುಳು ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ನಂಗಲಿ, ಮುಳಬಾಗಿಲು ತಾಲ್ಲೂಕು

ಉತ್ತರ: ವ್ಯತ್ಯಾಸ ಉಂಟು. ಅದರ ಕಾರಣ ಹುಡುಕಲು ಕರುಳಿನವರೆಗೆ ಹೋಗಬೇಕಿಲ್ಲ, ನಲ್ಲಿಯ ಮುಂದೆ ಸಾಲಾಗಿಟ್ಟ ಬಿಂದಿಗೆಗಳನ್ನು ನೋಡಿದರೆ ಸಾಕು. ನಿಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಸಿಕ್ಕರೂ ಹಲವೆಡೆ ಫ್ಲೋರೈಡ್. ಮೋಟಾರು ಕೆಟ್ಟಿತೆಂದು ಮೊದಲು ತಿಳಿಯುವುದು ನೀರು ಹಿಡಿಯುವವರಿಗೇ. ಅಧ್ಯಕ್ಷೆಯಾದರೂ ಆ ಅನುಭವ ಮರೆಯುವುದಿಲ್ಲ.

ಮುಂದೆ ನೊಬೆಲ್ ಪಡೆದ ಎಸ್ತರ್ ಡುಫ್ಲೊ, ರಾಘವೇಂದ್ರ ಚಟ್ಟೋಪಾಧ್ಯಾಯರ ಜೊತೆ ಸೇರಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಹಿಳಾ ಮೀಸಲು ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಕೆಲಸ ಹೆಚ್ಚಾಗಿತ್ತು. ಆದರೆ ರಸ್ತೆಯ ಮಾತು ಬೇರೆ: ಪಶ್ಚಿಮ ಬಂಗಾಳದ ಬೀರಭೂಮ್‌ನಲ್ಲಿ ರಸ್ತೆಯ ಕೆಲಸವೂ ಹೆಚ್ಚಿತ್ತು, ರಾಜಸ್ಥಾನದ ಉದಯಪುರದಲ್ಲಿ ಕಡಿಮೆಯಿತ್ತು. ಎರಡೂ ಕಡೆ ಆಳಿದವರು ಹೆಂಗಸರೇ. ಆಯಾ ಊರಿನ ಹೆಂಗಸರು ಏನನ್ನು ಕೇಳುತ್ತಿದ್ದರೋ ಅದು ಆಯಿತು, ಅಷ್ಟೇ.

ನೀರಿನ ಕಾಳಜಿ ಹೆಣ್ಣಿನ ಸ್ವತ್ತೂ ಅಲ್ಲ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಮಂತ್ರಿ ಅಬ್ದುಲ್ ನಜೀರ್ ಸಾಬರು ಗಂಡಸೇ ತಾನೆ? ಹೆಂಗಸರಿಗೆ ಶೇ. 25 ಸ್ಥಾನ ಕೊಟ್ಟ ರಾಜ್ಯದ 1983ರ ಪಂಚಾಯತ್ ಕಾಯ್ದೆಯ ಹಿಂದಿದ್ದವರೂ ಅವರೇ. 1993ರಲ್ಲಿ ಅದು ಮೂರನೇ ಒಂದು ಪಾಲಾಯಿತು, 2010ರಲ್ಲಿ ಅರ್ಧವಾಯಿತು.

ಇನ್ನು ‘ರೀತಿ’ಯ ಮಾತು. ಗಂಡಸು ದನಿಯೆತ್ತಿದರೆ ಖಡಕ್ ಮನುಷ್ಯ, ಹೆಂಗಸು ಎತ್ತಿದರೆ ಗಯ್ಯಾಳಿ. ಈ ಹೆಸರಿಗೆ ಅಂಜಿ ಎಷ್ಟೋ ಅಧ್ಯಕ್ಷೆಯರು ನಯವಾಗಿ, ಎಲ್ಲರನ್ನೂ ಕೇಳಿಕೊಂಡು ಕೆಲಸ ಸಾಗಿಸುತ್ತಾರೆ. ನಾವು ಅದನ್ನೇ ಹುಟ್ಟುಗುಣ ಅಂದುಕೊಳ್ಳುತ್ತೇವೆ. ಬಂಗಾಳದ ಹಳ್ಳಿಗರಿಗೆ ಒಂದೇ ಭಾಷಣವನ್ನು ಗಂಡು ದನಿಯಲ್ಲೂ ಹೆಣ್ಣು ದನಿಯಲ್ಲೂ ಕೇಳಿಸಿ ನೋಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಹೆಣ್ಣಿನ ಆಡಳಿತ ಕಾಣದ ಊರುಗಳಲ್ಲಿ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಕಂಡಿದ್ದ ಊರುಗಳಲ್ಲಿ ಆ ತಾತ್ಸಾರ ಇಳಿದಿತ್ತು.

ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ರಾದು ಬಾನ್ ಮತ್ತು ವಿಜಯೇಂದ್ರ ರಾವ್ ನಡೆಸಿದ ಅಧ್ಯಯನದಲ್ಲಿ ಅಧ್ಯಕ್ಷೆಯರ ಕೆಲಸ ಒಟ್ಟಾರೆ ಗಂಡಸರಿಗಿಂತ ಬೇರೆಯಾಗಿರಲಿಲ್ಲ. ಆದರೆ ರಾಜಕೀಯದ ಅನುಭವವಿದ್ದ ಅಧ್ಯಕ್ಷೆಯರು ಹೆಚ್ಚು ಚೆನ್ನಾಗಿ ನಡೆಸಿದ್ದರು. ನಮ್ಮಲ್ಲಿ ಅಧ್ಯಕ್ಷಗಿರಿ ಮೂವತ್ತು ತಿಂಗಳು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದ ಕಡತ ಓದಲು, ಬಿಲ್ಲಿಗೆ ಸಹಿ ಹಾಕುವ ಮುನ್ನ ಪ್ರಶ್ನಿಸಲು ಕಲಿಯುವಷ್ಟರಲ್ಲಿ ಮೀಸಲು ಬದಲಾಗಿರುತ್ತದೆ.

ಮುಂದಿನ ಗ್ರಾಮಸಭೆಗೆ ಹೋಗಿ, ನೀರಿನ ಬಗ್ಗೆ ಒಂದು ಪ್ರಶ್ನೆ ಕೇಳಿ. ಅಧ್ಯಕ್ಷೆ ತಾವೇ ಎದ್ದು ಉತ್ತರ ಕೊಟ್ಟರೆ ಅವರ ರೀತಿ ಎಂಥದೆಂದು ನಿಮಗೇ ತಿಳಿಯುತ್ತದೆ. ಪಕ್ಕದಲ್ಲಿ ಕೂತ ಯಜಮಾನರು ಬಾಯಿ ಹಾಕಿದರೆ, ‘ಅಮ್ಮನವರೇ ಹೇಳಲಿ’ ಎಂದುಬಿಡಿ.