ಚಂದಕವಾಡಿಯ ಬಂಧುಗಳಿಗೆ ಒಂದು ಕಿವಿಮಾತು

2020ರ ಜೂನ್ ತಿಂಗಳವರೆಗೆ ಕೊರೋನಾ ಸೋಂಕಿನಿಂದ ದೂರವುಳಿದು ನಾಡಿಗೇ ಅಚ್ಚರಿಯೆನಿಸಿದ್ದ ನಮ್ಮ ಚಾಮರಾಜನಗರ ಜಿಲ್ಲೆಯೇ, ವರ್ಷ ತುಂಬುವ ಮುನ್ನ, 2021ರ ಮೇ ತಿಂಗಳ ಮೊದಲ ದಿನಗಳಲ್ಲಿ, ಜಿಲ್ಲಾಸ್ಪತ್ರೆಯ ಆಮ್ಲಜನಕದ ಅಭಾವದ ನಡುವೆ 24 ಮಂದಿಯನ್ನು ಕಳೆದುಕೊಂಡು ಶೋಕದಲ್ಲಿ ಮುಳುಗಿತೆಂಬುದನ್ನು ನಾವಾರೂ ಮರೆಯಲಾಗದು. ಆದಕಾರಣ ವ್ಯಾಧಿಯ ವಾರ್ತೆ ಮತ್ತೆ ಹಬ್ಬಿದಾಗ, ಮೊಬೈಲಿನಲ್ಲಿ ಹರಿದುಬರುವ ವದಂತಿಗಳನ್ನು ನಂಬದೆ, ಆಶಾ ಕಾರ್ಯಕರ್ತೆಯರನ್ನೋ 104 ಆರೋಗ್ಯ ಸಹಾಯವಾಣಿಯನ್ನೋ ವಿಚಾರಿಸಿರಿ. ತರುಣರಾದವರು ಪಂಚಾಯಿತಿಯಲ್ಲಿ ಹೆಸರು ಬರೆಯಿಸಿ, ಏಕಾಕಿಗಳಾದ ವೃದ್ಧರಿಗೆ ಔಷಧವನ್ನೂ ದಿನಸಿಯನ್ನೂ ತಲುಪಿಸುವ, ಲಸಿಕೆಗೆ ಅಂಜುವವರೊಡನೆ ಕುಳಿತು ಸಮಾಧಾನದಿಂದ ಮಾತನಾಡುವ ಕಾರ್ಯವನ್ನು ವಹಿಸಿಕೊಳ್ಳಬೇಕು. ಎರಡನೆಯದೇ ಕಠಿನತರವಾದುದು, ಅತ್ಯಗತ್ಯವಾದುದೂ ಹೌದು. ಬಿಸಿಲೆನ್ನದೆ ಮನೆಮನೆ ಅಲೆಯುವ ಆಶಾ ಕಾರ್ಯಕರ್ತೆಯರ ಭಾರವನ್ನು ಹಗುರಗೊಳಿಸಲು ವಾರಕ್ಕೊಂದು ಸಾಯಂಕಾಲವನ್ನಾದರೂ ಮೀಸಲಿಡಿರೆಂದು ನನ್ನ ಪ್ರಾರ್ಥನೆ.