ಕೊನೆಯ ನುಡಿ ಕತ್ತರಿಸಬ್ಯಾಡ, ತಮ್ಮಾ

ಗೀಗೀ ಮೇಳಕ್ಕೆ ಮೂವರು ಬೇಕು. ಡಪ್ಪು ಹಿಡಿದು ಮುಂದೆ ನಿಂತು ಹಾಡುವವನೊಬ್ಬ, ಹಿಂದೆ ತುಂತುಣಿಯವನೊಬ್ಬ, ತಾಳದವನೊಬ್ಬ. ಹಿಂದಿನ ಇಬ್ಬರೂ ಸೇರಿ ‘ಗೀ ಗೀ’ ಎಂದು ಸೊಲ್ಲು ಎತ್ತಬೇಕು. ನಮ್ಮ ತಾಳದವನು ಗೋವಾಕ್ಕೆ ದುಡಿಯಲು ಹೋದವನು ಅಲ್ಲೇ ಉಳಿದ. ಉಳಿದದ್ದು ನಾನು, ತುಂತುಣಿಯ ಕಾಕಾ. ಸಿಂದಗಿಯಿಂದ ಹೊರಟು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿನ ಜಾತ್ರೆಗಳಲ್ಲಿ ಇಬ್ಬರೇ ಹಾಡುತ್ತ ಬಂದೆವು. ಇಬ್ಬರ ಹಾಡು ಎಷ್ಟಾದರೂ ತೆಳು. ಅದಕ್ಕೊಂದಿಷ್ಟು ಮೈ ತುಂಬಿಸಲೆಂದು ಎರಡು ಸಲ ಹೊರಗಿನವರ ಕೈಗೆ ಕೊಟ್ಟೆವು. ಮೊದಲ ಸಲ ಕೆಟ್ಟಿತು, ಎರಡನೆಯ ಸಲ ಕೂಡಿಬಂತು.

1. ಹೊರಗಿನವನನ್ನು ಮೊದಲು ನಾವು ಹಾಡುವ ಫಡಕ್ಕೆ ಕರೆಯಬೇಕು, ಸ್ಟುಡಿಯೋ ಆಮೇಲೆ.

ಮೊದಲನೆಯವರು ನಮ್ಮನ್ನು ಒಮ್ಮೆಯೂ ಜಾತ್ರೆಯಲ್ಲಿ ಕೇಳಿದವರಲ್ಲ. ಐದು ನಿಮಿಷದ ಹಾಡು ಕೊಡಿ ಎಂದರು, ಕೊಟ್ಟು ಬಂದೆವು. ಮೇಲೆ ಕೀಬೋರ್ಡಿನ ಢೋಲಕ್ಕು, ಕೀಬೋರ್ಡಿನ ಕೊಳಲು, ಸಿನಿಮಾದ ಕುಣಿತ ಎಲ್ಲ ಹಾಕಿದರು. ಮೆಮೊರಿ ಕಾರ್ಡಿನಲ್ಲಿ ತುಂಬಿ ಸಂತೆಯಲ್ಲಿ ಮಾರಿದಾಗ ನನ್ನ ಸ್ವಂತ ಅಕ್ಕ ಕೇಳಿ, “ಇದು ಯಾರ ಹಾಡೋ?” ಎಂದಳು.

ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಅಂತ ನಮ್ಮ ಕಡೆ ರೈಲು ನಿಲ್ದಾಣಗಳಿವೆ. ಹೆಸರು ಊರಿನದು, ಇಳಿಸುವುದು ಊರಾಚೆ. ಆ ರೆಕಾರ್ಡಿಂಗೂ ಹಾಗೇ ಆಯಿತು.

ಎರಡನೆಯವನು ಹುಬ್ಬಳ್ಳಿಯ ಹುಡುಗ. ಇಡೀ ರಾತ್ರಿ ಗೋಣಿಚೀಲದ ಮೇಲೆ ಕೂತು ಹರದೇಶಿ-ನಾಗೇಶಿ ಕೇಳಿದ. ಹರದೇಶಿಯವರು ಗಂಡು ಹೆಚ್ಚೆಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚೆನ್ನುತ್ತಾರೆ. ಸವಾಲಿಗೆ ಜವಾಬು, ಜವಾಬಿಗೆ ಮತ್ತೆ ಸವಾಲು, ಮೂಡಲು ಕೆಂಪಾಗುವ ತನಕ. ಬೆಳಿಗ್ಗೆ ಚಹಾ ಕುಡಿಯುವಾಗ ಅವನು ಹೇಳಿದ್ದು ಇಷ್ಟೇ: “ಕಾಕಾ, ಸದ್ಯ ಏನೂ ಹಾಕೋದು ಬ್ಯಾಡ. ನಿಮ್ಮಲ್ಲಿ ಏನೈತಿ ಅಂತ ನನಗ ಇನ್ನೂ ಪೂರ್ತಿ ಕೇಳಿಸಿಲ್ಲ.” ಅವತ್ತೇ ಅವನಿಗೆ ಹಾಡು ಕೊಡಬಹುದು ಅನ್ನಿಸಿತು.

2. ಕೈ ಕಟ್ಟಿದರೆ ಬಾಯಿಯೂ ಕಟ್ಟುತ್ತದೆ.

ಸ್ಟುಡಿಯೋದವರಿಗೆ ದನಿ ಬೇರೆ, ವಾದ್ಯ ಬೇರೆ ಬೇಕು. ಆಮೇಲೆ ಹೆಚ್ಚು ಕಡಿಮೆ ಮಾಡಲು ಅನುಕೂಲ. ಆದರೆ ನಾನು ಮೂವತ್ತು ವರ್ಷ ಡಪ್ಪನ್ನು ಕಿವಿಯ ಹತ್ತಿರ ಹಿಡಿದೇ ಹಾಡಿದವನು. ಅದರ ಚರ್ಮಕ್ಕೆ ಬಡಿದು ತಿರುಗಿ ಬರುವ ನನ್ನ ದನಿ ಕೇಳಿಯೇ ಮುಂದಿನ ನುಡಿ ಹುಟ್ಟುವುದು. ಡಪ್ಪು ಕಸಿದುಕೊಂಡು ಹೆಡ್‌ಫೋನ್ ಹಾಕಿದರೆ ಎರಡನೇ ನುಡಿಗೇ ಮರೆತು ನಿಂತೆ. ಹುಡುಗ ನಾಲ್ಕು ಸಲ ನೋಡಿದ. ಐದನೇ ಸಲ ಹೆಡ್‌ಫೋನ್ ತೆಗೆದಿಟ್ಟು, ನನ್ನನ್ನೂ ಕಾಕಾನನ್ನೂ ಎದುರುಬದುರು ನಿಲ್ಲಿಸಿ, ಒಂದೇ ಏಟಿಗೆ ಹಾಡಿಸಿದ. ಡಪ್ಪು ದನಿಯೊಳಗೆ ಸೋರಿದೆ, ದನಿ ತುಂತುಣಿಯೊಳಗೆ ಸೋರಿದೆ. ಸೋರಲಿ ಬಿಡಿ. ಜಾತ್ರೆಯಲ್ಲಿ ಯಾರು ಅದನ್ನು ಸೋಸಿ ಕೇಳುತ್ತಾರೆ?

ಲಯಕ್ಕೆ ಟಿಕ್ ಟಿಕ್ ಅನ್ನುವ ಯಂತ್ರವನ್ನೂ ಅವನು ಬಂದ್ ಮಾಡಿದ. ಸವಾಲು ಬಿಸಿಯಾದಂತೆ ನಮ್ಮ ನಡೆ ಜೋರಾಗಲೇಬೇಕು. ಮೊದಲ ನುಡಿಯ ವೇಗದಲ್ಲೇ ಕೊನೆಯ ನುಡಿ ಮುಗಿದರೆ ಮೇಳ ನಿದ್ದೆ ಹೊಡೆದಿದೆ ಎಂದೇ ಅರ್ಥ.

3. ಕೀಬೋರ್ಡ್ ನಮ್ಮ ಶ್ರುತಿಗೆ ಬರಬೇಕು.

ತುಂತುಣಿಗೆ ಇರುವುದು ಒಂದು ತಂತಿ. ಕಾಕಾ ತನ್ನ ಕೊರಳು ಅವತ್ತು ಹೇಗಿದೆಯೋ ಹಾಗೆ ಬಿರಡೆ ತಿರುವುತ್ತಾನೆ. ಅದು ಸಾಮಾನ್ಯವಾಗಿ ಹಾರ್ಮೋನಿಯಂ ಪೆಟ್ಟಿಗೆಯ ಕಪ್ಪು ಎರಡಕ್ಕೂ ಬಿಳಿ ಮೂರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಮೊದಲನೆಯವರು ಅವನನ್ನು ಕಪ್ಪು ಎರಡಕ್ಕೆ ಎಳೆದಿದ್ದರು. ಕೊರಳು ಕಟ್ಟಿದ ಎತ್ತಿನ ಹಾಗೆ ಹಾಡಿದ್ದ. ಕಂಪ್ಯೂಟರಿನಲ್ಲಿ ಕೀಬೋರ್ಡಿನ ಶ್ರುತಿಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಲು ಬರುತ್ತದೆ. ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ, ಅವರಿಗೆ ಮಾಡುವ ಮನಸ್ಸಿಲ್ಲ ಅಷ್ಟೇ.

4. ಮಳೆಗಾಲದಲ್ಲಿ ರೆಕಾರ್ಡಿಂಗ್ ಬೇಡ. ತಂಪು ಹಿಡಿದ ಡಪ್ಪು ಡಬ್ ಡಬ್ ಅನ್ನುತ್ತದೆ. ಊರಲ್ಲಾದರೆ ಕಾಗದ ಸುಟ್ಟು ಕಾಯಿಸುತ್ತೇವೆ; ಸ್ಟುಡಿಯೋದಲ್ಲಿ ಕಡ್ಡಿ ಗೀರಿದರೆ ಹುಡುಗನ ಮುಖ ಬಿಳಚಿಕೊಂಡಿತು. ಕೊನೆಗೆ ಅವನ ಹೆಂಡತಿಯ ಕೂದಲು ಒಣಗಿಸುವ ಯಂತ್ರ ಬಂತು. ಕೆಲಸ ಆಯಿತು, ಆದರೆ ಹಾಡಿಗೊಮ್ಮೆ ಹಿಡಿಯಬೇಕಾಯಿತು.

5. ಹಿಗ್ಗಿಸಲು ಬೇಕಾದದ್ದು ಬಹಳ ಸಲ ನಮ್ಮ ಹಿತ್ತಲಲ್ಲೇ ಇರುತ್ತದೆ.

ಒಂದು ಸಂಜೆ ಹುಡುಗ ತನ್ನ ಫೋನಿನಲ್ಲಿ ಬ್ಲ್ಯಾಕ್ ಕೀಸ್ ಎಂಬ ಅಮೆರಿಕದ ಇಬ್ಬರ ಮೇಳ ಕೇಳಿಸಿದ. ಓಹಾಯೋದ ಆಕ್ರನ್ ಎಂಬ ಊರಿನವರು. ಡ್ಯಾನ್ ಔರ್‌ಬಾಕ್ ಗಿಟಾರು ಹಿಡಿದು ಹಾಡುತ್ತಾನೆ, ಪ್ಯಾಟ್ರಿಕ್ ಕಾರ್ನಿ ಡ್ರಮ್ಮು ಬಾರಿಸುತ್ತಾನೆ. 2003ರ ಹಾಡಿನ ತಟ್ಟೆಯನ್ನು ಮನೆಯ ನೆಲಮಾಳಿಗೆಯಲ್ಲೇ ಮುಗಿಸಿದವರು, 2004ರದನ್ನು ಪಾಳುಬಿದ್ದ ಟೈರು ಕಾರ್ಖಾನೆಯಲ್ಲಿ. ಹೊರಗಿನವನ ಕೈಗೆ ಮೊದಲು ಕೊಟ್ಟದ್ದು 2008ರ ‘ಅಟ್ಯಾಕ್ ಅಂಡ್ ರಿಲೀಸ್’ ತಟ್ಟೆಯನ್ನು. ಆ ಹೊರಗಿನವನು ಡೇಂಜರ್ ಮೌಸ್ ಎಂದು ಹೆಸರಾದ ಬ್ರಯನ್ ಬರ್ಟನ್. ಅದರಲ್ಲಿ ಊದುವ ವಾದ್ಯ ನುಡಿಸಿದ ರಾಲ್ಫ್ ಕಾರ್ನಿ ಡ್ರಮ್ಮಿನವನ ಅಪ್ಪನ ಒಡಹುಟ್ಟಿದವನು. ಕೇಳಿ ಕಾಕಾ ನಕ್ಕ: “ಅಂದ್ರ ಅವರ ಮೇಳಕ್ಕೂ ಕಾಕಾನೇ ಬೇಕಾತು.”

ನನ್ನನ್ನು ಹಿಡಿದದ್ದು ಬೇರೆ. ಈ ಇಬ್ಬರಿಗೆ ಗುರುವಿನಂತಿದ್ದವನು ಮಿಸಿಸಿಪ್ಪಿಯ ಜೂನಿಯರ್ ಕಿಂಬ್ರೊ. 2006ರಲ್ಲಿ ಅವನ ಹಾಡುಗಳನ್ನಷ್ಟೇ ಹಾಡಿ ಒಂದು ಸಣ್ಣ ತಟ್ಟೆ ತಂದಿದ್ದಾರೆ. ಆ ಕಿಂಬ್ರೊನ ಗಿಟಾರು ಹೆಚ್ಚು ಸ್ವರ ಬದಲಿಸುವುದೇ ಇಲ್ಲ, ಒಂದೇ ಕಡೆ ನಿಂತು ಗುಂಯ್‌ಗುಡುತ್ತದೆ. ತುಂತುಣಿಯ ಕುಲದ್ದೇ. ಒಂದೇ ಸ್ವರದ ಹಾಡನ್ನು ಹಿಗ್ಗಿಸಬೇಕಾದರೆ ಮೇಲೆ ರಾಗ ಪೇರಿಸಬಾರದು, ಕೆಳಗೆ ನೆಲ ಹಾಕಬೇಕು ಎಂದ ಹುಡುಗ. ಭಜನೆಯ ಪೆಟ್ಟಿಗೆ ತರಿಸಿ, ಖರ್ಜದ ಒಂದೇ ಮನೆ ಒತ್ತಿ ಹಿಡಿಸಿದ. ತುಂತುಣಿ ಅದರ ಮೇಲೆ ಕೂತ ಮೇಲೆ ಇಬ್ಬರ ಹಾಡು ತೆಳು ಅನ್ನಿಸಲೇ ಇಲ್ಲ.

ಎರಡನೆಯದು ಇನ್ನೂ ದೊಡ್ಡದು. ನಮ್ಮ ರೆಕಾರ್ಡಿನಲ್ಲಿ ಸವಾಲಿತ್ತು, ಜವಾಬಿರಲಿಲ್ಲ. ಆ ರಾತ್ರಿ ಫಡದಲ್ಲಿ ನಮ್ಮನ್ನು ಸೋಲಿಸಿದ್ದ ನಾಗೇಶಿ ಅಕ್ಕನನ್ನು ಕರೆಸೋಣ ಎಂದ. ನನಗೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆಕೆ ಬಂದು ಮೂರನೇ ನುಡಿಗೆ ಜವಾಬು ಕೊಟ್ಟಳು. ಆ ಹಾಡಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಅದೇ ಭಾಗ.

6. ಉದ್ದ ಕತ್ತರಿಸಲಿ, ಕೊನೆಯ ನುಡಿ ಬಿಟ್ಟುಕೊಡಬೇಡಿ.

ಫಡದಲ್ಲಿ ತಾಸುಗಟ್ಟಲೆ ಹಾಡಿದ್ದನ್ನು ಆರು ನಿಮಿಷಕ್ಕೆ ಇಳಿಸಬೇಕು. ನಡುವಿನ ನಾಲ್ಕು ನುಡಿ ಹೋದವು, ಸಂಕಟಪಟ್ಟರೂ ಒಪ್ಪಿದೆವು. ಆಮೇಲೆ ಹುಡುಗ ಕೊನೆಯ ನುಡಿಗೂ ಕೈಹಾಕಿದ. ಕಥೆ ಮುಗಿದಿದೆ, ಇಲ್ಲಿ ಬರೀ ಹೆಸರಿದೆಯಲ್ಲ ಎಂಬುದು ಅವನ ಲೆಕ್ಕ. ಕಾಕಾ ಎದ್ದು ನಿಂತ: “ಕೊನೆಯ ನುಡಿ ಕತ್ತರಿಸಬ್ಯಾಡ, ತಮ್ಮಾ. ಅದರಾಗ ಕಟ್ಟಿದಾಂವ ಅದಾನ.”

ಲಾವಣಿಯ ಕೊನೆಯಲ್ಲಿ ಕಟ್ಟಿದವನ ಹೆಸರು, ಊರು, ಗುರುವಿನ ನೆನಪು ಬರುತ್ತದೆ. ನಮಗೆ ಅದೇ ಸಹಿ, ಅದೇ ದಸ್ತಾವೇಜು. ಲಾವಣಿ ಕಟ್ಟಿದ ಹಲಸಂಗಿಯ ಖಾಜಾಭಾಯಿಯ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ. ಅದೇ ಊರಿನ ಮಧುರಚೆನ್ನ, ಅವರ ಜೊತೆಗಾರರಾದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರೆಲ್ಲ ಊರೂರು ಅಲೆದು ಹಾಡು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, ಮುಂದೆ ಲಾವಣಿಗಳ ‘ಜೀವನ ಸಂಗೀತ’ ಅಚ್ಚಾದವು. ಆದರೆ ‘ಗರತಿಯ ಹಾಡಿ’ನ ತ್ರಿಪದಿಗಳನ್ನು ಬೀಸುಕಲ್ಲಿನ ಮುಂದೆ ಕಟ್ಟಿದ ತಾಯಂದಿರು ಹಾಡಿನೊಳಗೆ ಹೆಸರಿಡಲಿಲ್ಲ, ಅವರು ಯಾರೆಂದು ಕೇಳಲು ಈಗ ದಾರಿಯಿಲ್ಲ. ಇದನ್ನೆಲ್ಲ ಹೇಳಿದ ಮೇಲೆ ಹುಡುಗ ಹಾಡಿನ ಆರಂಭದ ಪೆಟ್ಟಿಗೆಯ ಸದ್ದನ್ನು ಅರ್ಧ ನಿಮಿಷ ಕಡಿಮೆ ಮಾಡಿ ಕೊನೆಯ ನುಡಿಗೆ ಜಾಗ ಕೊಟ್ಟ.

7. ಚೀಟಿ ಬರೆಸಿಕೊಳ್ಳಿ.

ಮೊದಲ ಸಲ ಬಾಯಿಮಾತು. ಎರಡು ಸಾವಿರ ರೂಪಾಯಿ, ಒಂದು ಶಾಲು, ಹೆಸರೂ ಇಲ್ಲ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವನಿಗೂ ಹಕ್ಕಿದೆ, 50 ವರ್ಷದ್ದು. 2012ರ ತಿದ್ದುಪಡಿಯ ನಂತರ, ರೆಕಾರ್ಡಿನಿಂದ ವ್ಯಾಪಾರ ಮಾಡಿದರೆ ರಾಯಧನದಲ್ಲೂ ಪಾಲು ಕೇಳಬಹುದು. ಇದನ್ನು ನಮಗೆ ಹೇಳಿದವನು ಆ ಹುಬ್ಬಳ್ಳಿಯ ಹುಡುಗನೇ. ಒಂದು ಪುಟ, ಕನ್ನಡದಲ್ಲಿ, ನಾಲ್ವರ ಸಹಿ: ನಾನು, ಕಾಕಾ, ನಾಗೇಶಿ ಅಕ್ಕ, ಅವನು. ಕಾಕಾನದು ಹೆಬ್ಬೆಟ್ಟು.

8. ನಿಮ್ಮ ಮೇಳವೂ ರೆಕಾರ್ಡಿಂಗಿಗೆ ಹೊರಟಿದ್ದರೆ, ಕೊರಳು ದಣಿಯುವ ಮುಂಚೆ ಕೊನೆಯ ನುಡಿಯನ್ನೊಮ್ಮೆ ಹಾಡಿ ತೋರಿಸಿ. ಎದುರು ಕೂತವನು ಆಗ ಗಡಿಯಾರ ನೋಡಿದರೆ, ತುಂತುಣಿ ಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಬಂದುಬಿಡಿ.